ಏರುಮಡಿಗೆ ಬರೀ ಕೆಂಪುಮಣ್ಣು ತುಂಬಿಸಿದ್ರೆ ಸಾಕಾ?

ಪ್ರಶ್ನೆ: ನಮ್ಮದು 30-40 ಸೈಟು, ಮನೆ ಹಿಂದೆ ಹತ್ತಡಿ ಜಾಗ ಉಳಿದಿದೆ. ಮನೆ ಕಟ್ಟಿದಾಗಿನ ಜಲ್ಲಿ, ಗಾರೆ ಎಲ್ಲ ಅಲ್ಲೇ ಹೂತು ಹೋಗಿದೆ. ಮಕ್ಕಳನ್ನೂ ಸೇರಿಸ್ಕೊಂಡು ತರಕಾರಿಗೆ ಒಂದು ಏರುಮಡಿ (ಸುತ್ತ ಕಟ್ಟೆ ಕಟ್ಟಿ, ನೆಲದಿಂದ ಎತ್ತರಕ್ಕೆ ಮಣ್ಣು ತುಂಬಿಸೋ ಪಾತಿ) ಮಾಡೋಣ ಅಂತ ಆಸೆ. ಒಂದು ಟ್ರ್ಯಾಕ್ಟರ್ ಕೆಂಪುಮಣ್ಣು ಹೊಡೆಸಿ ತುಂಬಿಸಿದ್ರೆ ಆಗುತ್ತಾ?

ಆಗಲ್ಲ. ಇದನ್ನ ಇಷ್ಟು ಖಡಾಖಂಡಿತವಾಗಿ ಹೇಳ್ತಿರೋದು ಯಾಕಂದ್ರೆ ನಾವು ಮೊದಲನೇ ಸಲ ಮಾಡಿದ್ದು ಅದನ್ನೇ. ಕಟ್ಟೆ ನೀಟಾಗಿ ಕಟ್ಟಿ, ಅದಕ್ಕೆ ಬಣ್ಣನೂ ಹೊಡೆದು, ಒಳಗೆ ಮಾತ್ರ ಬರೀ ಕೆಂಪುಮಣ್ಣು ಸುರಿದ್ವಿ. ನಾಲ್ಕು ದಿನ ನೀರು ಹಾಕಿದ್ಮೇಲೆ ಮೇಲ್ಗಡೆ ಹೆಪ್ಪುಗಟ್ಟಿ, ಒಣಗಿದಾಗ ಕೆರೆ ಅಂಗಳದ ಥರ ಬಿರುಕು ಬಿಡ್ತು, ಮೆಂತ್ಯ ಅಂತೂ ಮಣ್ಣು ಸೀಳ್ಕೊಂಡು ಮೇಲೆ ಬರೋಕ್ಕೇ ಆಗ್ಲಿಲ್ಲ. ಮಗಳು ದಿನಾ ಬೆಳಿಗ್ಗೆ ಹೋಗಿ ನೋಡಿ ಸಪ್ಪೆ ಮುಖ ಮಾಡ್ಕೊಂಡು ಬರೋಳು. ಅದಕ್ಕೇ ಹೇಳೋದು, ದುಡ್ಡು ಇದ್ರೆ ಮಣ್ಣಿಗೆ ಹಾಕಿ, ಕಟ್ಟೆ ಹೇಗಿದ್ರೂ ನಡೆಯುತ್ತೆ.

ಅಳತೆ ಮೊದಲು. 8 ಅಡಿ ಉದ್ದ, 3 ಅಡಿ ಅಗಲ ಮಾಡ್ಕೊಳ್ಳಿ. ದೊಡ್ಡೋರಿಗೆ ನಾಲ್ಕಡಿ ಅಗಲ ಇದ್ರೂ ಎರಡೂ ಕಡೆಯಿಂದ ಕೈ ಎಟುಕುತ್ತೆ, ಆದ್ರೆ ಮಕ್ಕಳಿಗೆ ಎಟುಕಲ್ಲ, ಎಟುಕ್ಲಿಲ್ಲ ಅಂದ್ರೆ ಅವರು ಒಳಗೆ ಕಾಲಿಡ್ತಾರೆ, ಕಾಲಿಟ್ರೆ ಮಣ್ಣು ಗಟ್ಟಿ ಆಗುತ್ತೆ, ಏರುಮಡಿ ಮಾಡಿದ್ದೇ ದಂಡ. ಕಾಂಪೌಂಡ್ ಗೋಡೆಗೆ ಅಂಟಿಸಿ ಮಾಡೋದಾದ್ರೆ ಎರಡಡಿಗಿಂತ ಜಾಸ್ತಿ ಬೇಡ. ಜಾಗಕ್ಕೆ ದಿನಕ್ಕೆ ಆರು ಗಂಟೆ ಆದ್ರೂ ಬಿಸಿಲು ಬೀಳಬೇಕು, ಇದೊಂದ್ರಲ್ಲಿ ಚೌಕಾಸಿ ಇಲ್ಲ.

ಕಟ್ಟೆಗೆ 4 ಇಂಚಿನ ಸಿಮೆಂಟ್ ಬ್ಲಾಕ್ ಸಾಕು. ಒಂದು ವರಸೆಗೆ 18ರ ಹಾಗೆ ಎರಡು ವರಸೆಗೆ 36 ಬ್ಲಾಕ್, ಎತ್ತರ 16 ಇಂಚು ಬರುತ್ತೆ. ಗಾರೆ ಹಾಕೋದೇ ಬೇಡ, ಸಂದು ಮೇಲೆ ಸಂದು ಬರದ ಹಾಗೆ ಜೋಡಿಸಿದ್ರೆ ನಿಲ್ಲುತ್ತೆ. ಕರಾವಳಿ ಕಡೆಯವರು ಕೆಂಪುಕಲ್ಲು ಇಟ್ಕೊಳ್ಳಿ. ಹಳೇ ಪ್ಲೈವುಡ್ ಬೇಡ, ಗೆದ್ದಲಿಗೆ ಹಬ್ಬ.

ಈಗ ಒಳಗೆ ಏನು ಅನ್ನೋದಕ್ಕೆ ಬರೋಣ. ಮೊದಲು ಆ ಗಾರೆ-ಜಲ್ಲಿ ಇರೋ ನೆಲಾನ ಪಿಕಾಸಿಲಿ ಅರ್ಧ ಅಡಿ ಕುಕ್ಕಿ ಸಡಿಲ ಮಾಡಿ, ದೊಡ್ಡ ಚೂರೆಲ್ಲ ಆರಿಸಿ ಎಸೀರಿ. ತಳಕ್ಕೆ ಪ್ಲಾಸ್ಟಿಕ್ ಹಾಸ್ಬೇಡಿ, ನೀರು ಇಂಗದೆ ಬೇರು ಕೊಳೆಯುತ್ತೆ. ಕೆಳಗಿನ ನಾಲ್ಕಿಂಚು ತೆಂಗಿನ ಮಟ್ಟೆ, ಸಿಪ್ಪೆ, ತರಗೆಲೆ ಹಾಕಿ ತುಳೀರಿ (ಮಕ್ಕಳನ್ನ ಕುಣಿಯೋಕೆ ಬಿಡಿ, ಮಡಿ ಒಳಗೆ ಕಾಲಿಡೋಕೆ ಪರ್ಮಿಷನ್ ಇರೋದು ಅವತ್ತು ಒಂದೇ ದಿನ). ಮೇಲಿನ ಒಂದಡಿಗೆ 24 ಘನ ಅಡಿ ಮಿಶ್ರಣ ಬೇಕು. ಕೆಂಪುಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಮೂರೂ ಸಮಸಮ. ಖಾಲಿ ಸಿಮೆಂಟ್ ಚೀಲದ ಲೆಕ್ಕದಲ್ಲಿ ಒಂದೊಂದೂ 6-7 ಚೀಲ. ಕೋಕೋಪೀಟ್ 5 ಕೆಜಿ ಇಟ್ಟಿಗೆ ನೆನೆಸಿದ್ರೆ 70 ಲೀಟರ್ ಹತ್ರ ಉಬ್ಬುತ್ತೆ, ಹಾಗಾಗಿ ಮೂರ್ನಾಲ್ಕು ಇಟ್ಟಿಗೆ ಸಾಕು, ಆದ್ರೆ ಅದ್ರಲ್ಲಿ ಉಪ್ಪಿನಂಶ ಇರುತ್ತೆ, ಎರಡು ಸಲ ನೆನೆಸಿ ಹಿಂಡಿ ನೀರು ಚೆಲ್ಲಿ. ಬೇವಿನ ಹಿಂಡಿ ಒಂದೆರಡು ಕೆಜಿ ಬೆರೆಸಿ. ಎಲ್ಲ ಕಟ್ಟೆ ಮಟ್ಟಕ್ಕಿಂತ ಸ್ವಲ್ಪ ಗುಡ್ಡೆ ಥರಾನೇ ತುಂಬಿಸಿ, ಹದಿನೈದು ದಿನದಲ್ಲಿ ತಾನಾಗೇ ಕುಸಿಯುತ್ತೆ.

ಗೊಬ್ಬರದಲ್ಲಿ ಮಾತ್ರ ಮೋಸ ಹೋಗ್ಬೇಡಿ. ಕೈಲಿ ಹಿಡಿದ್ರೆ ಚಹಾಪುಡಿ ಥರ ಉದುರಬೇಕು, ವಾಸನೆ ಬರಬಾರದು, ಬೆಚ್ಚಗಿರಬಾರದು. ಹಸಿ ಸಗಣಿ ಗೊಬ್ಬರ ಹಾಕಿದ್ರೆ ಕಾವಿಗೆ ಸಸಿ ಸುಟ್ಟು ಹೋಗುತ್ತೆ, ಜೊತೆಗೆ ಬೇರು ತಿನ್ನೋ ಗೊಣ್ಣೆಹುಳ ಫ್ರೀ.

ಇದೇ ಅಳತೆನ ತಾರಸಿ ಮೇಲೆ ಮಾಡ್ತೀನಿ ಅನ್ನೋರು ದಯವಿಟ್ಟು ನಿಲ್ಲಿ. ಓಡಾಡೋ ತಾರಸಿಗೆ ಸಾಮಾನ್ಯವಾಗಿ ಲೆಕ್ಕ ಹಾಕೋ ಭಾರ ಚದರ ಮೀಟರಿಗೆ 150 ಕೆಜಿ, ಒಂದಡಿ ಒದ್ದೆ ಮಣ್ಣು ಅಂದ್ರೆ ಅದ್ರ ಎರಡರಷ್ಟು ದಾಟಿ ಹೋಗುತ್ತೆ. ಅಲ್ಲಿಗೆ ಗ್ರೋ ಬ್ಯಾಗೇ (ಗಿಡ ಬೆಳೆಸೋ ಚೀಲ) ಸರಿ, ಅದನ್ನೂ ಒಂದೇ ಕಡೆ ಗುಂಪು ಹಾಕದೆ ಗೋಡೆ ಬದಿಗೆ ಇಟ್ಕೊಳ್ಳಿ.

ಏನು ಹಾಕೋದು? ಮನೆಯವರು ಎಲ್ಲರೂ ಮೊದಲು ಟೊಮೆಟೊ ಅಂತಾರೆ. ಟೊಮೆಟೊಗೆ ಸಸಿ ಏಳೋಕೇ 25 ದಿನ, ನೆಟ್ಟ ಮೇಲೆ ಹಣ್ಣಿಗೆ ಇನ್ನೂ ಎರಡು ತಿಂಗಳು, ಅಷ್ಟು ದಿನ ಯಾವ ಮಗು ಕಾಯುತ್ತೆ ಹೇಳಿ? ಮೊದಲು ಸೊಪ್ಪು. ಮೆಂತ್ಯ 20-25 ದಿನಕ್ಕೆ ಸಾರಿಗೆ ರೆಡಿ, ಹರಿವೆ ಒಂದು ತಿಂಗಳೊಳಗೆ. ಮೂಲಂಗಿ 40-45 ದಿನ, ಅದನ್ನ ಮಣ್ಣಿಂದ ಕೀಳೋ ಮಜಾನೇ ಬೇರೆ, ಮೂಲಂಗಿ ಕಂಡ್ರೆ ಮೂಗು ಮುರಿಯೋ ನಮ್ಮ ಮಗನೂ ತಾನು ಕಿತ್ತಿದ್ದು ಅಂತ ಹುಳಿಗೆ ಹಾಕಿದ್ದನ್ನ ತಿಂದ. ಬೆಂಡೆ ಕಾಯಿ ಬಿಡೋಕೆ ಒಂದೂವರೆ ತಿಂಗಳು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ ಬೆಂಡೆ ಬೀಜ ಸಿಕ್ಕಿದ್ರೆ ತಗೊಳ್ಳಿ, ಎಲೆ ಹಳದಿ ಆಗೋ ನಂಜುರೋಗ ತಡ್ಕೊಳ್ಳೋಕೆ ಅಂತಲೇ ಮಾಡಿದ ತಳಿ. ಟೊಮೆಟೊಗೆ ಅಲ್ಲಿಯದೇ ಅರ್ಕಾ ರಕ್ಷಕ್ ಇದೆ, ಆದ್ರೆ ಅದು ಹೈಬ್ರಿಡ್, ಅದ್ರ ಹಣ್ಣಿನ ಬೀಜ ಎತ್ತಿಟ್ಕೊಂಡು ಮತ್ತೆ ಹಾಕಿದ್ರೆ ಅದೇ ಥರ ಬರುತ್ತೆ ಅಂತ ನೆಚ್ಚಿಕೊಳ್ಳೋ ಹಾಗಿಲ್ಲ.

ಹರಿವೆ ಬೀಜ ಸಾಸಿವೆಗಿಂತ ಸಣ್ಣದು, ಮಕ್ಕಳ ಕೈಗೆ ಹಾಗೇ ಕೊಟ್ರೆ ಒಂದೇ ಕಡೆ ಸುರೀತಾರೆ. ಒಂದು ಚಮಚ ಬೀಜಕ್ಕೆ ಎರಡು ಹಿಡಿ ಒಣ ಮರಳು ಬೆರೆಸಿ ಕೊಡಿ. ಬಿತ್ತಿದ ಮಾರನೇ ದಿನ ಇರುವೆ ಸಾಲುಗಟ್ಟಿ ಹೊತ್ಕೊಂಡು ಹೋಗೋದನ್ನ ನೋಡಿ ಗಾಬರಿ ಆಗ್ಬೇಡಿ, ನಮ್ಮ ಅತ್ತೆ ಮಡಿ ಸುತ್ತ ಅಕ್ಕಿ ನುಚ್ಚು ಉದುರಿಸ್ತಾರೆ, ಇರುವೆ ಆ ಕಡೆ ಬಿಜಿ. ಇನ್ನು ಸಡಿಲ ಮಣ್ಣು ಕಂಡ್ರೆ ಬೀದಿ ಬೆಕ್ಕಿಗೆ ಅದೇ ಟಾಯ್ಲೆಟ್ಟು, ಮೊಳಕೆ ಬರೋ ತನಕ ಹಳೇ ಸೊಳ್ಳೆ ಮೆಶ್ಶೋ ದಾಸವಾಳದ ಒಣ ಕಡ್ಡಿನೋ ಮುಚ್ಚಿಡಿ.

ಮೊದಲ ಸಲ ಮಾಡೋರು ಸೆಪ್ಟೆಂಬರ್-ಅಕ್ಟೋಬರಲ್ಲಿ ಶುರು ಮಾಡಿದ್ರೆ ಸಲೀಸು. ಜೂನ್-ಜುಲೈ ಜಡಿಮಳೆಗೆ ಸಣ್ಣ ಬೀಜ ಕೊಚ್ಚಿ ಹೋಗುತ್ತೆ, ಏಪ್ರಿಲ್ ಬಿಸಿಲಲ್ಲಿ ದಿನಕ್ಕೆ ಎರಡು ಸಲ ನೀರು ಹಾಕೋ ಕರ್ಮ. ಚಳಿಗಾಲಕ್ಕೆ ಹಾಕೋದಾದ್ರೆ ಅವರೆ ಚಪ್ಪರ, ಟೊಮೆಟೊ ಎಲ್ಲ ಉತ್ತರದ ತುದಿಗೆ ಇರಲಿ, ಸೂರ್ಯ ಆಗ ದಕ್ಷಿಣಕ್ಕೆ ವಾಲಿರ್ತಾನೆ, ಎತ್ತರದ ಗಿಡದ ನೆರಳು ಸೊಪ್ಪಿನ ಮೇಲೆ ಬೀಳಲ್ಲ. ನೀರು ದಿನಾ ಹಾಕ್ಲೇಬೇಕು ಅಂತೇನಿಲ್ಲ, ಬೆರಳನ್ನ ಎರಡು ಗೆಣ್ಣು ಒಳಗೆ ತೂರಿಸಿ ನೋಡೋದನ್ನ ಮಕ್ಕಳಿಗೆ ಕಲಿಸಿ, ಒಣಗಿದ್ರೆ ಮಾತ್ರ ಹಾಕಲಿ.

ಪ್ರತೀ ಬೆಳೆ ತೆಗೆದ ಮೇಲೆ ಮಣ್ಣು ಎರಡಿಂಚು ಇಳಿದಿರುತ್ತೆ, ಒಂದು ಚೀಲ ಎರೆಗೊಬ್ಬರ ಮೇಲೆ ಹರಡಿ ಮುಂದಿನ ಬೀಜ ಹಾಕಿ. ಸೊಪ್ಪು ತೆಗೆದ ಕಡೆ ಬೀನ್ಸು, ಬೀನ್ಸ್ ತೆಗೆದ ಕಡೆ ಬೇಕಾದ್ರೆ ಟೊಮೆಟೊ. ಟ್ರ್ಯಾಕ್ಟರ್‌ನವನಿಗೆ ಈಗಾಗ್ಲೇ ಹೇಳಿಬಿಟ್ಟಿದ್ರೆ ಒಂದು ಲೋಡಲ್ಲಿ ಏಳು ಚೀಲ ನಿಮಗಿರಲಿ, ಉಳಿದಿದ್ದನ್ನ ಅಕ್ಕಪಕ್ಕದ ಮನೆಯವರ ಜೊತೆ ಹಂಚ್ಕೊಳ್ಳಿ.