ಪರಿಸರ ಸಾಕ್ಷರತೆ: ಮಗುವನ್ನು ಕೇಳುವುದೋ, ಕಚೇರಿಯನ್ನು ಕೇಳುವುದೋ?

ಜನಗಣತಿಗೆ ಬಂದವರು ಜಗಲಿಯಲ್ಲಿ ಕೂತು "ಓದು ಬರಹ ಬರುತ್ತಾ?" ಎಂದು ಕೇಳುತ್ತಾರೆ. ಮನೆಯ ಯಜಮಾನರು "ನನಗೂ ಬರುತ್ತೆ, ಇವಳಿಗೂ ಬರುತ್ತೆ, ಅಮ್ಮನಿಗೆ ಮಾತ್ರ ಇಲ್ಲ" ಅನ್ನುತ್ತಾರೆ. ಗಣತಿಯವರು ಗುರುತು ಹಾಕಿಕೊಂಡು ಪಕ್ಕದ ಮನೆಗೆ ಹೋಗುತ್ತಾರೆ. ಪೇಪರು ಕೈಗೆ ಕೊಟ್ಟು ಒಂದು ಸಾಲು ಓದಿಸಿ ನೋಡುವ ಪದ್ಧತಿ ಇಲ್ಲ. ಏಳು ವರ್ಷ ತುಂಬಿದವರು ಯಾವುದಾದರೂ ಒಂದು ಭಾಷೆಯಲ್ಲಿ ಅರ್ಥ ಮಾಡಿಕೊಂಡು ಓದಿ ಬರೆಯಬಲ್ಲರಾದರೆ ಸಾಕ್ಷರರು ಎಂಬುದು ನಮ್ಮ ಗಣತಿಯ ವ್ಯಾಖ್ಯೆ. 2011ರಲ್ಲಿ ಕರ್ನಾಟಕದ ಸಾಕ್ಷರತೆ ಶೇ 75.36 ಎಂದು ಬಂದದ್ದು ಹೀಗೆ, ಬಾಯಿಮಾತಿನ ಮೇಲೆ. ಇನ್ನೊಂದು ದಾರಿಯೂ ನಮ್ಮಲ್ಲಿದೆ. 2005ರಿಂದ ನಡೆದುಬಂದ ಅಸರ್ ಸಮೀಕ್ಷೆಯವರು ಹಳ್ಳಿಯ ಮನೆಗೇ ಹೋಗಿ, ಮಗುವಿನ ಕೈಗೆ ಹಾಳೆ ಕೊಟ್ಟು, "ಓದು ಪುಟ್ಟಾ" ಅನ್ನುತ್ತಾರೆ. ಒಂದು ಕಡೆ ಕೇಳಿ ಬರೆದುಕೊಳ್ಳುವುದು, ಇನ್ನೊಂದು ಕಡೆ ಓದಿಸಿ ನೋಡುವುದು.

'ಪರಿಸರ ಸಾಕ್ಷರತೆ' ಎಂಬ ಮಾತು ಕಣ್ಣಿಗೆ ಬಿದ್ದಾಗಲೆಲ್ಲ ನನಗೆ ಈ ಎರಡು ದಾರಿ ನೆನಪಾಗುತ್ತವೆ. ಇಂಥ ಊರಿನ ಶಾಲೆಗಳಲ್ಲಿ ಪರಿಸರ ಸಾಕ್ಷರತೆ ಇಷ್ಟು ಎಂದು ಯಾರಾದರೂ ಅಂಕಿ ಕೊಟ್ಟರೆ, ಕೇಳಿದ್ದು ಯಾರನ್ನು ಎಂಬುದು ಮೊದಲ ಪ್ರಶ್ನೆ.

ಮೊದಲು ಪದದ ಹುಟ್ಟು. 1968ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಶಿಕ್ಷಣ ತಜ್ಞ ಚಾರ್ಲ್ಸ್ ರಾತ್ ಇದನ್ನು ಬಳಕೆಗೆ ತಂದರು. ಆಗ ಅಲ್ಲಿನ ಪತ್ರಿಕೆಗಳು ನದಿ, ಗಾಳಿ ಕೆಡಿಸುವವರನ್ನು 'ಪರಿಸರದ ಅನಕ್ಷರಸ್ಥರು' ಎಂದು ಜರೆಯುತ್ತಿದ್ದವು. ಹಾಗಾದರೆ ಸಾಕ್ಷರ ಯಾರು, ಅವನನ್ನು ಗುರುತಿಸುವುದು ಹೇಗೆ ಎಂದು ರಾತ್ ಕೇಳಿದರು. ಅಂದರೆ ಬೈಗುಳ ಮೊದಲು ಹುಟ್ಟಿತು, ಹೊಗಳಿಕೆ ಆಮೇಲೆ. 'ಹೆಬ್ಬೆಟ್ಟು' ಎಂಬ ಮಾತಿನ ಚುಚ್ಚು ಗೊತ್ತಿರುವ ನಮಗೆ ಇದರಲ್ಲಿ ಆಶ್ಚರ್ಯವೇನಿಲ್ಲ. 1992ರಲ್ಲಿ ಅವರೇ ಈ ಸಾಕ್ಷರತೆಯನ್ನು ಮೂರು ಮೆಟ್ಟಿಲಾಗಿ ವಿಂಗಡಿಸಿದರು. ಹೆಸರುಗಳಷ್ಟೇ ಗೊತ್ತಿರುವುದು ಒಂದು. ವಿಷಯ ಅರ್ಥವಾಗಿ ಅದರ ಬಗ್ಗೆ ಮಾತಾಡಬಲ್ಲದ್ದು ಎರಡನೆಯದು. ತಿಳಿದದ್ದು ದಿನನಿತ್ಯದ ನಡವಳಿಕೆಯಲ್ಲಿ ಕಾಣುವುದು ಮೂರನೆಯದು. ನಡುವೆ 1977ರ ಅಕ್ಟೋಬರ್‌ನಲ್ಲಿ ಜಾರ್ಜಿಯಾದ ಟಿಬಿಲಿಸಿಯಲ್ಲಿ ಯುನೆಸ್ಕೋ ಸಮ್ಮೇಳನ ನಡೆದು, ಪರಿಸರ ಶಿಕ್ಷಣವೆಂದರೆ ಅರಿವು, ಜ್ಞಾನ, ಮನೋಭಾವ, ಕೌಶಲ, ಪಾಲ್ಗೊಳ್ಳುವಿಕೆ ಐದೂ ಸೇರಿದ್ದು ಎಂದು ಒಪ್ಪಲಾಯಿತು. ಇವತ್ತಿಗೂ ಎಲ್ಲರೂ ಸುತ್ತಿ ಬಳಸಿ ಅಲ್ಲಿಗೇ ಬರುತ್ತಾರೆ.

ಆದ್ದರಿಂದ ಪದದೊಳಗಿನ 'ಅಕ್ಷರ'ವನ್ನು ನಂಬಿಕೊಂಡರೆ ದಾರಿ ತಪ್ಪುತ್ತದೆ. ಆಹಾರ ಸರಪಳಿಯ ಚಿತ್ರ ಬರೆದು ಭಾಗ ಗುರುತಿಸಿ ಹತ್ತಕ್ಕೆ ಹತ್ತು ತೆಗೆದ ಹುಡುಗ ಮೊದಲ ಮೆಟ್ಟಿಲಲ್ಲೇ ನಿಂತಿರಬಹುದು. ಮಳೆ ಬಂದಾಗ ಚರಂಡಿಯ ನೀರು ಯಾವ ಕೆರೆಗೆ ಹೋಗುತ್ತದೆ ಎಂದು ಬಲ್ಲ, ಆ ಕೆರೆ ಯಾಕೆ ಹಸಿರುಗಟ್ಟಿದೆ ಎಂದು ಪಂಚಾಯಿತಿಯಲ್ಲಿ ಕೇಳಬಲ್ಲ ಹುಡುಗಿ ಮೂರನೆಯದರಲ್ಲಿದ್ದಾಳೆ. ಹಾಗೆ ಹಸಿರುಗಟ್ಟುವುದಕ್ಕೆ ಹೇಳುವ 'ಯೂಟ್ರೊಫಿಕೇಶನ್' ಎಂಬ ಪದ ಅವಳಿಗೆ ಗೊತ್ತಿಲ್ಲದಿದ್ದರೂ ನಡೆಯುತ್ತದೆ.

ಇದನ್ನು ಅಳೆಯುವುದು ಹೇಗೆ? ಇಲ್ಲಿ ನಾನು ಹಿಡಿಯುವ ಉದಾಹರಣೆ ಅಮೆರಿಕದ ಚೆಸಪೀಕ್ ಕೊಲ್ಲಿಯದು. ಮಗುವಿನ ಕಲಿಕೆ, ಕಚೇರಿಯ ಸಿದ್ಧತೆ ಎಂಬ ಪದದ ಎರಡೂ ಮುಖ ಒಟ್ಟಿಗೆ ಕಾಣುವ ಜಾಗ ಅದು.

ವಾಷಿಂಗ್ಟನ್ ನಗರದ ಪೂರ್ವಕ್ಕಿರುವ ಈ ಕೊಲ್ಲಿಯ ಜಲಾನಯನ ಪ್ರದೇಶ ಸುಮಾರು 1,66,000 ಚದರ ಕಿಲೋಮೀಟರು. ಕರ್ನಾಟಕಕ್ಕಿಂತ ಸ್ವಲ್ಪ ಚಿಕ್ಕದು. ಆರು ರಾಜ್ಯಗಳ ಮತ್ತು ರಾಜಧಾನಿಯ ನೀರು, 1.8 ಕೋಟಿ ಜನ ಬಳಸಿ ಬಿಟ್ಟದ್ದು, ಅಲ್ಲಿಗೆ ಬಂದು ಸೇರುತ್ತದೆ. ಕೊಲ್ಲಿಯ ಸರಾಸರಿ ಆಳ ಮಾತ್ರ 21 ಅಡಿ, ನಮ್ಮ ಕಡೆಯ ಒಂದು ಸಾಧಾರಣ ಬಾವಿಯಷ್ಟೂ ಇಲ್ಲ. ಹೊಲದ ಗೊಬ್ಬರ, ಕೋಳಿ ಫಾರಂ, ಒಳಚರಂಡಿಯಿಂದ ಬರುವ ಸಾರಜನಕ, ರಂಜಕ ಸೇರಿ ಪಾಚಿ ಉಕ್ಕುತ್ತದೆ. ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಮುಗಿಯುತ್ತದೆ, ಏಡಿ, ಸಿಂಪಿ, ಮೀನು ಸಾಯುತ್ತವೆ. ನ್ಯೂಯಾರ್ಕ್ ರಾಜ್ಯದ ಒಟ್‌ಸೆಗೊ ಸರೋವರದಲ್ಲಿ ಹುಟ್ಟುವ ಸಸ್ಕ್ವೆಹಾನ್ನಾ ನದಿಯೊಂದೇ ಕೊಲ್ಲಿಯ ಸಿಹಿನೀರಿನ ಅರ್ಧದಷ್ಟನ್ನು ತರುತ್ತದೆ. ಅದರ ದಡದಲ್ಲಿರುವ ಮಗು ಕೊಲ್ಲಿಯನ್ನು ಕಣ್ಣಿಂದ ನೋಡಿಯೇ ಇರುವುದಿಲ್ಲ. ಕಾವೇರಿ ಹುಟ್ಟುವ ಕೊಡಗಿನ ತೋಡಿಗೂ ಅದು ಹೋಗಿ ಸೇರುವ ಪೂಂಪುಹಾರಿನ ಕಡಲಿಗೂ ಇರುವ ನಂಟು ಇದು. (ವಾಷಿಂಗ್ಟನ್ ಸುತ್ತಲಿನ ಕನ್ನಡಿಗರು ಕಟ್ಟಿಕೊಂಡ ಸಂಘದ ಹೆಸರು ಕಾವೇರಿ. ಅವರ ಮಕ್ಕಳು ಓದುವ ಎಷ್ಟೋ ಶಾಲೆಗಳ ಮಳೆನೀರು ಪೊಟೊಮ್ಯಾಕ್ ನದಿ ಹಿಡಿದು ಇದೇ ಕೊಲ್ಲಿಗೆ ಹೋಗುತ್ತದೆ.)

ಕೊಲ್ಲಿ ಉಳಿಸುವ ಒಪ್ಪಂದ ಮೊದಲು ಆದದ್ದು 1983ರಲ್ಲಿ. 2000ದ ಒಪ್ಪಂದದಲ್ಲಿ ಶಾಲೆಯ ಮಾತು ಬಂತು: 2005ರಲ್ಲಿ ಪಾಸಾಗುವ ತಂಡದಿಂದ ಮೊದಲ್ಗೊಂಡು ಪ್ರತಿ ವಿದ್ಯಾರ್ಥಿಗೂ ಶಾಲೆ ಬಿಡುವುದರೊಳಗೆ ಒಮ್ಮೆಯಾದರೂ ಕೊಲ್ಲಿ ಅಥವಾ ಹೊಳೆಯ ಬಳಿ ಅರ್ಥವುಳ್ಳ ಅನುಭವ ಸಿಗಬೇಕು. 2014ರ ಒಪ್ಪಂದ ಒಂದನ್ನು ಮೂರು ಮಾಡಿತು. ಪ್ರಾಥಮಿಕದಲ್ಲಿ ಒಂದು, ಮಾಧ್ಯಮಿಕದಲ್ಲಿ ಒಂದು, ಪ್ರೌಢಶಾಲೆಯಲ್ಲಿ ಒಂದು. ಇದರ ಇಂಗ್ಲಿಷ್ ಹೆಸರು 'ಮೀನಿಂಗ್‌ಫುಲ್ ವಾಟರ್‌ಶೆಡ್ ಎಜುಕೇಶನಲ್ ಎಕ್ಸ್‌ಪೀರಿಯನ್ಸ್'. ಅಷ್ಟುದ್ದ ಹೇಳಲಾರದೆ ಮೇಷ್ಟ್ರುಗಳು 'ಮ್ವೀ' ಅನ್ನುತ್ತಾರೆ.

ಮ್ವೀ ಎಂದರೆ ಬಸ್ಸು ಹತ್ತಿಸಿ, ಚಿತ್ರಾನ್ನ ಕಟ್ಟಿಸಿಕೊಂಡು, ಹೊಳೆ ತೋರಿಸಿ ವಾಪಸು ಕರೆತರುವ ಪ್ರವಾಸವಲ್ಲ. ಮೊದಲು ತರಗತಿಯಲ್ಲಿ ಮಕ್ಕಳೇ ಒಂದು ಸ್ಥಳೀಯ ಪ್ರಶ್ನೆ ಹುಡುಕಬೇಕು, ಶಾಲೆಯ ಹಿಂದಿನ ಹಳ್ಳ ಯಾಕೆ ಕೆಂಪಗೆ ಹರಿಯುತ್ತದೆ ಎಂಬಂಥದ್ದು. ಆಮೇಲೆ ಹೊರಗೆ ಹೋಗಿ ನೀರು, ಮಣ್ಣು, ಹುಳ ನೋಡಿ ಮಾಹಿತಿ ಕೂಡಿಸಬೇಕು. ಕೂಡಿಸಿದ್ದನ್ನು ಇಟ್ಟುಕೊಂಡು ತಾವೇ ತೀರ್ಮಾನಕ್ಕೆ ಬರಬೇಕು. ಕೊನೆಗೆ ಆ ತೀರ್ಮಾನದ ಮೇಲೆ ಏನಾದರೂ ಮಾಡಬೇಕು: ದಂಡೆಯಲ್ಲಿ ಗಿಡ ನೆಡುವುದೋ, ಊರಿನ ಸಭೆಯಲ್ಲಿ ಮಾತಾಡುವುದೋ. ನಾಲ್ಕರಲ್ಲಿ ಒಂದು ತಪ್ಪಿದರೂ ಅದು ಮ್ವೀ ಅಲ್ಲ. ಜೂನ್ 5ಕ್ಕೆ ಪ್ರತಿ ವರ್ಷ ಅದೇ ಗುಂಡಿಯಲ್ಲಿ ಹೊಸ ಸಸಿ ನೆಟ್ಟು ಫೋಟೊ ತೆಗೆಸಿಕೊಳ್ಳುವುದು ಈ ಲೆಕ್ಕದಲ್ಲಿ ಎಲ್ಲಿಗೂ ಸೇರುವುದಿಲ್ಲ.

ಇಷ್ಟೆಲ್ಲ ನಡೆಯುತ್ತಿದೆಯೇ ಎಂದು ತಿಳಿಯಲು ಒಂದು ಸಮೀಕ್ಷೆ ಬೇಕಾಯಿತು. ಅದರ ಹೆಸರು 'ಎನ್ವಿರಾನ್‌ಮೆಂಟಲ್ ಲಿಟರಸಿ ಇಂಡಿಕೇಟರ್ ಟೂಲ್', ಚಿಕ್ಕದಾಗಿ ಎಲಿಟ್. ಅಮೆರಿಕ ಸರ್ಕಾರದ ಸಾಗರ ಮತ್ತು ವಾತಾವರಣ ಸಂಸ್ಥೆಯಾದ ನೋವಾ ಹಾಗೂ ರಾಜ್ಯಗಳ ಶಿಕ್ಷಣ ಇಲಾಖೆಗಳು ಸೇರಿ 2015, 2017, 2019ರಲ್ಲಿ ಇದನ್ನು ನಡೆಸಿದವು. ಕೊರೋನಾದಿಂದ ಮುಂದಿನ ಸುತ್ತು 2022ಕ್ಕೆ ಹೋಯಿತು. ಇದು ಹೋಗುವುದು ಮಕ್ಕಳ ಬಳಿಗಲ್ಲ, ಶಾಲೆಗೂ ಅಲ್ಲ, ಸ್ಕೂಲ್ ಡಿಸ್ಟ್ರಿಕ್ಟುಗಳ ಕಚೇರಿಗೆ.

'ಸ್ಕೂಲ್ ಡಿಸ್ಟ್ರಿಕ್ಟ್' ಎಂಬುದನ್ನು 'ಶಾಲಾ ಜಿಲ್ಲೆ' ಎಂದು ಅನುವಾದಿಸಿದ ಕೂಡಲೇ ನಮ್ಮ ತಲೆಗೆ ಡಿಡಿಪಿಐ ಕಚೇರಿ ಬಂದು ಕೂರುತ್ತದೆ. ಅದಲ್ಲ. ನಮ್ಮ ಡಿಡಿಪಿಐ, ಬಿಇಒ ರಾಜ್ಯ ಸರ್ಕಾರದ ಕೈಗಳು. ಬೆಂಗಳೂರಲ್ಲಿ ತೀರ್ಮಾನವಾದ ಪಠ್ಯ ಬೀದರಿನಲ್ಲೂ ಅದೇ. ಅಲ್ಲಿಯ ಡಿಸ್ಟ್ರಿಕ್ಟು ಸಾಮಾನ್ಯವಾಗಿ ಚುನಾಯಿತ ಮಂಡಳಿಯಿರುವ ಸ್ಥಳೀಯ ಆಡಳಿತ. ರಾಜ್ಯ ಕಲಿಕೆಯ ಗುರಿ ಹಾಕಿಕೊಟ್ಟರೂ ಪಠ್ಯಕ್ರಮ, ಬಸ್ಸು, ಶಿಕ್ಷಕರ ತರಬೇತಿಯ ದಿನ, ಖರ್ಚು ಎಲ್ಲ ಇವರ ಕೈಯಲ್ಲಿ. ಆ ಆರು ರಾಜ್ಯಗಳಲ್ಲಿ ಒಂದಾದ ಪೆನ್ಸಿಲ್ವೇನಿಯಾದಲ್ಲಂತೂ ಮಂಡಳಿಯೇ ಆಸ್ತಿ ತೆರಿಗೆ ಹಾಕುತ್ತದೆ. ಹಾಗಾಗಿ ಮಕ್ಕಳು ಹೊಳೆಗೆ ಹೋಗುವರೋ ಇಲ್ಲವೋ ಎಂಬುದು ನಿರ್ಧಾರವಾಗುವುದೇ ಆ ಕಚೇರಿಯಲ್ಲಿ. ಸಮೀಕ್ಷೆ ಅಲ್ಲಿಗೆ ಹೋಗಿದ್ದು ಸರಿಯಾಗಿಯೇ ಇದೆ.

ಪ್ರಶ್ನೆಗಳು ಏನನ್ನು ಕೇಳುತ್ತವೆ? ಪರಿಸರ ಶಿಕ್ಷಣ ನೋಡಿಕೊಳ್ಳಲು ಗೊತ್ತಾದ ವ್ಯಕ್ತಿಯೋ ತಂಡವೋ ಇದೆಯೇ, ಪಠ್ಯದೊಳಗೆ ಸೇರಿದೆಯೇ, ಶಿಕ್ಷಕರಿಗೆ ತರಬೇತಿ ಇದೆಯೇ, ಹೊರಗೆ ಕರೆದೊಯ್ಯಲು ಬೆಂಬಲ ಇದೆಯೇ, ಸ್ಥಳೀಯ ಸಂಸ್ಥೆಗಳ ಜೊತೆ ಒಡನಾಟ ಇದೆಯೇ. ಇವುಗಳ ಆಧಾರದ ಮೇಲೆ ಡಿಸ್ಟ್ರಿಕ್ಟನ್ನು ಚೆನ್ನಾಗಿ ಸಿದ್ಧ, ಸ್ವಲ್ಪ ಮಟ್ಟಿಗೆ ಸಿದ್ಧ, ಸಿದ್ಧವಿಲ್ಲ ಎಂದು ವಿಂಗಡಿಸುತ್ತಾರೆ. ಪದ ನೋಡಿ: 'ಸಿದ್ಧ'. ಸಾಕ್ಷರ ಅಲ್ಲ. ಸಮೀಕ್ಷೆಯ ಹೆಸರಲ್ಲಿ ಸಾಕ್ಷರತೆ ಇದೆ, ಫಲಿತಾಂಶದ ಕಾಲಮ್ಮಿನಲ್ಲಿ ಸಿದ್ಧತೆ ಇದೆ. ಒಲೆ, ಪಾತ್ರೆ, ಅಕ್ಕಿ, ಅಡುಗೆಯವರು ಇದ್ದಾರೆಯೇ ಎಂದು ಕೇಳಿದ್ದಾರೆ. ಊಟ ಮಾಡಿದವರಿಗೆ ಹೊಟ್ಟೆ ತುಂಬಿತೇ ಎಂದು ಕೇಳಿಲ್ಲ. ಸಮೀಕ್ಷೆ ಮಾಡಿದವರು ಇದನ್ನು ಮುಚ್ಚಿಟ್ಟಿಲ್ಲ. ಓದುವವರು ಹೆಸರಿಗೇ ನಿಂತುಬಿಡುತ್ತಾರೆ.

ನನಗೆ ಈ ನಮೂನೆಯಲ್ಲಿ ಮೆಚ್ಚುಗೆಯಾದದ್ದು ಇನ್ನೊಂದು ಪ್ರಶ್ನೆ. ಪ್ರತಿ ಹಂತಕ್ಕೂ ಮ್ವೀ ಇಡೀ ಡಿಸ್ಟ್ರಿಕ್ಟಿಗೆ ಇದೆಯೇ, ಕೆಲವು ಶಾಲೆ ಅಥವಾ ತರಗತಿಗಳಲ್ಲಿ ಮಾತ್ರವೇ, ಅಥವಾ ಎಲ್ಲೂ ಇಲ್ಲವೇ ಎಂದು ಅದು ಕೇಳುತ್ತದೆ. ಪ್ರತಿ ಊರಿನಲ್ಲೂ ಒಬ್ಬ ಉತ್ಸಾಹದ ಮೇಷ್ಟ್ರು ಇರುತ್ತಾರೆ. ಭಾನುವಾರವೂ ಮಕ್ಕಳನ್ನು ಕೆರೆಗೆ ಕರೆದೊಯ್ಯುತ್ತಾರೆ, ಹಕ್ಕಿ ಎಣಿಸುತ್ತಾರೆ, ತಮ್ಮ ಕೈಯಿಂದ ಬಾಳೆಹಣ್ಣು ಕೊಡಿಸುತ್ತಾರೆ. ಪತ್ರಿಕೆಯಲ್ಲಿ ಚಿತ್ರ ಬರುತ್ತದೆ, 'ಪರಿಸರ ಸ್ನೇಹಿ ಶಾಲೆ' ಎಂದು ಹೆಸರಾಗುತ್ತದೆ. ಅವರಿಗೆ ವರ್ಗವಾದ ಮರುವರ್ಷ ಕೆರೆ ಅಲ್ಲೇ ಇರುತ್ತದೆ, ಹೋಗುವವರು ಇರುವುದಿಲ್ಲ. ನಮೂನೆಯ ಭಾಷೆಯಲ್ಲಿ ಅದು 'ಕೆಲವು'. 'ಇಡೀ' ಆಗಬೇಕಾದರೆ ಮೇಷ್ಟ್ರು ಯಾರೇ ಇರಲಿ, ಆ ತರಗತಿಯ ಮಗು ಹೊಳೆಗೆ ಹೋಗಲೇಬೇಕೆಂದು ಪಠ್ಯಕ್ರಮದಲ್ಲಿ ಬರೆದು, ಬಸ್ಸಿನ ದುಡ್ಡು ತೆಗೆದಿಟ್ಟಿರಬೇಕು.

ಇನ್ನು ಅಂಕಿಯ ಗುಣಾಕಾರ. ಮೇರಿಲ್ಯಾಂಡ್ ರಾಜ್ಯದಲ್ಲಿ ಕೌಂಟಿಗೊಂದರಂತೆ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ) 23, ಬಾಲ್ಟಿಮೋರ್ ನಗರ ಸೇರಿ 24 ಶಾಲಾ ವ್ಯವಸ್ಥೆಗಳಷ್ಟೇ ಇವೆ. ಪಕ್ಕದ ಪೆನ್ಸಿಲ್ವೇನಿಯಾದಲ್ಲಿ 500 ಡಿಸ್ಟ್ರಿಕ್ಟುಗಳು, ಅವುಗಳಲ್ಲಿ ಒಂದು ಭಾಗ ಈ ಜಲಾನಯನಕ್ಕೆ ಸೇರಿದ್ದು. ಮೇರಿಲ್ಯಾಂಡಿನ ಮಾಂಟ್ಗೊಮರಿ ಕೌಂಟಿಯೊಂದರಲ್ಲೇ ಒಂದೂವರೆ ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳು. ಪೆನ್ಸಿಲ್ವೇನಿಯಾದ ಹಳ್ಳಿಗಾಡಿನಲ್ಲಿ ಒಂದೆರಡು ಸಾವಿರ ಮಕ್ಕಳ ಡಿಸ್ಟ್ರಿಕ್ಟುಗಳು ಬೇಕಾದಷ್ಟು. ಈಗ ಒಂದು ಊಹೆಯ ಲೆಕ್ಕ ಹಾಕಿ. ಹತ್ತು ಡಿಸ್ಟ್ರಿಕ್ಟುಗಳಿವೆ. ಒಂದರಲ್ಲಿ ಲಕ್ಷ ಮಕ್ಕಳು, ಉಳಿದ ಒಂಬತ್ತರಲ್ಲಿ ತಲಾ ಎರಡು ಸಾವಿರ. ದೊಡ್ಡದೊಂದೇ ಸಿದ್ಧ. ಡಿಸ್ಟ್ರಿಕ್ಟ್ ಲೆಕ್ಕದಲ್ಲಿ ಸಾಧನೆ ಶೇ 10. ಮಕ್ಕಳ ಲೆಕ್ಕದಲ್ಲಿ ಹೆಚ್ಚುಕಮ್ಮಿ ಶೇ 85. ಎರಡೂ ಸುಳ್ಳಲ್ಲ. ಅನುದಾನ ಕೇಳುವವರು ಮೊದಲನೆಯದನ್ನು, ಬೆನ್ನು ತಟ್ಟಿಕೊಳ್ಳುವವರು ಎರಡನೆಯದನ್ನು ಹಿಡಿದು ಓಡಾಡಬಹುದು.

ಮೇರಿಲ್ಯಾಂಡಿನದು ಬೇರೆಯದೇ ಕಥೆ. ಪ್ರೌಢಶಾಲೆ ಮುಗಿಸಲು ಪರಿಸರ ಸಾಕ್ಷರತೆ ಬೇಕು ಎಂದು 2011ರಲ್ಲಿ ನಿಯಮ ಮಾಡಿದ ಮೊದಲ ಅಮೆರಿಕನ್ ರಾಜ್ಯ ಅದು. ಆದರೆ ಅದಕ್ಕೆಂದು ಪ್ರತ್ಯೇಕ ರಾಜ್ಯ ಪರೀಕ್ಷೆ ಇಟ್ಟಿಲ್ಲ. ಸ್ಥಳೀಯ ವ್ಯವಸ್ಥೆ ರೂಪಿಸಿದ ಪಾಠಗಳನ್ನು ಮಗು ಮುಗಿಸಿದರೆ ಆಯಿತು. ಇಲ್ಲೂ ಕೊನೆಯ ಮಾತು ಕಚೇರಿಯದೇ.

ಹಾಗಾದರೆ ಮಕ್ಕಳನ್ನೇ ಕೇಳಿದವರಿಲ್ಲವೇ? ಇದ್ದಾರೆ. 2008ರಲ್ಲಿ ವರದಿಯಾದ ಅಮೆರಿಕದ ರಾಷ್ಟ್ರಮಟ್ಟದ ಪರಿಸರ ಸಾಕ್ಷರತಾ ಮೌಲ್ಯಮಾಪನ ಆರನೇ ಮತ್ತು ಎಂಟನೇ ತರಗತಿಯ ಮಕ್ಕಳ ಕೈಗೇ ಪ್ರಶ್ನೆಪತ್ರಿಕೆ ಕೊಟ್ಟಿತು. ಗೊತ್ತಿರುವುದು ಏನು, ಅನ್ನಿಸುವುದು ಏನು, ಒಂದು ಸಮಸ್ಯೆಯನ್ನು ಬಿಡಿಸಿ ನೋಡಲು ಬರುತ್ತದೆಯೇ, ಮಾಡುವುದು ಏನು ಎಂದು ನಾಲ್ಕೂ ಕೇಳಿತು. ತಿಳಿವಳಿಕೆ ಮತ್ತು ಕೌಶಲದಲ್ಲಿ ಎಂಟನೆಯವರು ಮುಂದಿದ್ದರು. ಪ್ರೀತಿ, ಕಾಳಜಿ, ತಾನು ಹೀಗೆ ನಡೆದುಕೊಳ್ಳುತ್ತೇನೆ ಎಂಬ ವಿಷಯದಲ್ಲಿ ಆರನೆಯವರು ಮುಂದಿದ್ದರು. ಎರಡು ವರ್ಷದಲ್ಲಿ ತಲೆಗೆ ಹತ್ತಿದ್ದು ಎದೆಯಿಂದ ಇಳಿಯಿತೇ, ಅಥವಾ ವಯಸ್ಸಿನ ಸಹಜ ಬಿಗುಮಾನವೇ? ಒಂದೇ ಸಲ ಕೇಳಿದ ಸಮೀಕ್ಷೆಯಿಂದ ಹೇಳಲು ಬರುವುದಿಲ್ಲ, ಎರಡೂ ಬೇರೆ ಬೇರೆ ಮಕ್ಕಳು. ಆದರೆ ಇಂಥ ಪ್ರಶ್ನೆ ಹುಟ್ಟಬೇಕಾದರೂ ಮಗುವಿನವರೆಗೆ ಹೋಗಬೇಕಾಯಿತು. ಎಲಿಟ್‌ನ ಯಾವ ಕಾಲಮ್ಮಿನಲ್ಲೂ ಅದು ಕಾಣುತ್ತಿರಲಿಲ್ಲ.

ನಮ್ಮಲ್ಲಿ ವಿಷಯ ಕೋರ್ಟಿನಿಂದ ಬಂತು. ಪರಿಸರದ ಮೊಕದ್ದಮೆಗಳ ವಕೀಲ ಎಂ. ಸಿ. ಮೆಹ್ತಾ ಹೂಡಿದ ಪ್ರಕರಣದಲ್ಲಿ 1991ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಶಾಲೆ ಕಾಲೇಜುಗಳಲ್ಲಿ ಪರಿಸರವನ್ನು ಕಡ್ಡಾಯವಾಗಿ ಕಲಿಸಬೇಕೆಂದು ಹೇಳಿತು. ಡಿಗ್ರಿ ಮಕ್ಕಳು ಪಾಸಾದರೆ ಸಾಕು ಎಂದು ಬರೆಯುವ 'ಪರಿಸರ ಅಧ್ಯಯನ' ಪತ್ರಿಕೆಯ ಬೇರು ಅಲ್ಲಿದೆ. ಶಾಲೆಗಳಿಂದ ಪ್ರತಿ ವರ್ಷ ತುಂಬಿಸಿಕೊಳ್ಳುವ ಯು-ಡೈಸ್ ನಮೂನೆಯಲ್ಲಿ ಮಳೆನೀರು ಸಂಗ್ರಹ ಇದೆಯೇ, ಕೈತೋಟ ಇದೆಯೇ, ಸೋಲಾರ್ ಇದೆಯೇ ಎಂಬ ಕಾಲಮ್ಮುಗಳಿವೆ. ಇದೂ ಸಿದ್ಧತೆಯ ಲೆಕ್ಕವೇ. 'ನಾಳೆ ಮಧ್ಯಾಹ್ನದೊಳಗೆ ಕಳಿಸಿ' ಎಂಬ ವಾಟ್ಸಾಪ್ ಸಂದೇಶ ನೋಡಿ ನಮೂನೆ ತುಂಬಿದ ಹೆಡ್‌ಮಾಸ್ಟರಿಗೆ ಗೊತ್ತು, ಒಡೆದ ಪೈಪಿನ ತೊಟ್ಟಿಗೂ ಉತ್ತರ 'ಇದೆ' ಎಂದೇ.

ಮತ್ತೆ ಎಲಿಟ್‌ಗೆ ಬಂದರೆ, ಅದಕ್ಕೆ ಉತ್ತರಿಸುವುದು ಡಿಸ್ಟ್ರಿಕ್ಟುಗಳ ಇಷ್ಟಕ್ಕೆ ಬಿಟ್ಟದ್ದು, ಕಡ್ಡಾಯವಲ್ಲ. ಕೆಲಸ ನಡೆಯುತ್ತಿರುವ ಕಡೆಯವರು ತುಂಬಿ ಕಳಿಸುವ ಸಾಧ್ಯತೆ ಹೆಚ್ಚು, ಹೇಳಿಕೊಳ್ಳಲು ಏನೂ ಇಲ್ಲದವರು ಸುಮ್ಮನಿರುತ್ತಾರೆ. ಸುಮ್ಮನಿದ್ದವರನ್ನು 'ಸಿದ್ಧವಿಲ್ಲ' ಎಂಬ ಸಾಲಿಗೆ ಸೇರಿಸಿದರೂ ತಪ್ಪು, ಲೆಕ್ಕದಿಂದಲೇ ಬಿಟ್ಟರೂ ಚಿತ್ರ ಇದ್ದದ್ದಕ್ಕಿಂತ ಚಂದ ಕಾಣುತ್ತದೆ. ಒಂದು ಸುತ್ತಿನ ಶೇಕಡಾವಾರನ್ನು ಇನ್ನೊಂದು ಸುತ್ತಿನದರ ಪಕ್ಕ ಇಡುವಾಗ ಎರಡೂ ಸಲ ಉತ್ತರ ಕೊಟ್ಟವರನ್ನಷ್ಟೇ ಬೇರೆ ತೆಗೆದು ನೋಡಬೇಕು. 2019 ಮತ್ತು 2022ರ ನಡುವೆಯಂತೂ ಶಾಲೆಯ ಬಾಗಿಲೇ ಮುಚ್ಚಿದ್ದ ತಿಂಗಳುಗಳಿವೆ, ಹೊಳೆಯ ಮಾತು ಹಾಗಿರಲಿ.