ಬಿ ವರ್ಗದ ಕಳೆಯನ್ನು ಯಾರು ಕೀಳಬೇಕು? ವಾಷಿಂಗ್ಟನ್ ಕಾನೂನಿನ ಟಿಪ್ಪಣಿ

ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಳೆ ಕಾನೂನು, ಅಂದರೆ ಸಂಹಿತೆಯ 17.10ನೇ ಅಧ್ಯಾಯ, ಹಾನಿಕಾರಕ ಕಳೆಗಳನ್ನು ಎ, ಬಿ, ಸಿ ಎಂದು ವಿಂಗಡಿಸುತ್ತದೆ. ಇದನ್ನು ಅಪಾಯದ ಶ್ರೇಣಿಯೆಂದೇ ನಾನು ಬಹಳ ದಿನ ಓದಿಕೊಂಡಿದ್ದೆ. ಆದರೆ ವಿಂಗಡಣೆಗೆ ಮುಖ್ಯ ಆಧಾರ ಕಳೆ ಎಷ್ಟು ಹರಡಿದೆ ಎಂಬುದು. ರಾಜ್ಯದಲ್ಲಿ ಇನ್ನೂ ವಿರಳವಾಗಿರುವುದು ಎ. ಅದನ್ನು ಭೂಮಾಲೀಕ ನಿರ್ಮೂಲ ಮಾಡಲೇಬೇಕು. ರಸ ತಾಗಿದ ಚರ್ಮವನ್ನು ಬಿಸಿಲಿನಲ್ಲಿ ಬೊಬ್ಬೆಯೆಬ್ಬಿಸುವ ಜೈಂಟ್ ಹಾಗ್‌ವೀಡ್ ಇದಕ್ಕೆ ಉದಾಹರಣೆ. ಸಿ ವರ್ಗದಲ್ಲಿ ನಿಯಂತ್ರಣವನ್ನು ಕಡ್ಡಾಯಗೊಳಿಸುವುದು ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕದ, ಕಳೆ ಮಂಡಳಿಗೆ ಬಿಟ್ಟದ್ದು.

ನಾನು ಎಡವಿದ್ದು ಬಿ ವರ್ಗದಲ್ಲಿ. 1975ರಲ್ಲಿ ಕರ್ನಾಟಕ ಸರ್ಕಾರ ಕಾಂಗ್ರೆಸ್ ಗಿಡವನ್ನು ಹಾನಿಕಾರಕ ಕಳೆಯೆಂದು ಘೋಷಿಸಿದ್ದನ್ನು ಓದಿದ್ದರಿಂದ, ಪಟ್ಟಿಗೆ ಸೇರಿದ ಕಳೆಯನ್ನು ಎಲ್ಲರೂ ಎಲ್ಲೆಡೆ ಕೀಳಬೇಕು ಎಂಬುದು ಮನಸ್ಸಿನಲ್ಲಿ ಕೂತಿತ್ತು. ಇಲ್ಲಿ ಹಾಗಿಲ್ಲ. ಬಿ ಕಳೆ ರಾಜ್ಯದ ಒಂದು ಭಾಗದಲ್ಲಿ ದಟ್ಟವಾಗಿದ್ದು ಇನ್ನೊಂದರಲ್ಲಿ ಅಪರೂಪವಾಗಿರುತ್ತದೆ. ಅಪರೂಪವಾಗಿರುವ ಪ್ರದೇಶಗಳನ್ನು ರಾಜ್ಯ ಮಂಡಳಿಯೇ ಗುರುತಿಸುತ್ತದೆ. ಅಲ್ಲಿ ನಿಯಂತ್ರಣ ಕಡ್ಡಾಯ. ಉಳಿದ ಕಡೆ ಕೌಂಟಿ ಮಂಡಳಿ ಬಯಸಿದರೆ ಅದನ್ನು ತನ್ನ ಪಟ್ಟಿಗೆ ಸೇರಿಸಿಕೊಂಡು ಕಡ್ಡಾಯಗೊಳಿಸಬಹುದು, ಇಲ್ಲವೇ ಬಿಡಬಹುದು. ಕಡ್ಡಾಯ ಎಂಬುದಕ್ಕೆ ಹೀಗೆ ಎರಡು ಬಾಗಿಲುಗಳಿವೆ. ಪಠ್ಯದಲ್ಲಿ ಎರಡೂ ಒಂದೇ ಉಸಿರಿನಲ್ಲಿ ಬರುವುದರಿಂದ ನಾನು ಮೂರು ಸಲ ಓದಿದರೂ ಒಂದೇ ಎಂದುಕೊಂಡಿದ್ದೆ.

ಸಿಯಾಟಲ್ ನಗರವಿರುವ ಕಿಂಗ್ ಕೌಂಟಿಯನ್ನು ನೋಡಿದ ಮೇಲೆ ವಿಷಯ ತಿಳಿಯಾಯಿತು. ದನ, ಕುದುರೆಗಳ ಯಕೃತ್ತನ್ನು ಕೆಡಿಸುವ ಟ್ಯಾನ್ಸಿ ರ‍್ಯಾಗ್‌ವರ್ಟ್ ಬಿ ವರ್ಗದ್ದು. ಕೌಂಟಿಯುದ್ದಕ್ಕೂ ಅದರ ನಿಯಂತ್ರಣ ಕಡ್ಡಾಯ. ಸ್ಕಾಚ್ ಬ್ರೂಮ್ ಕೂಡ ಬಿ ವರ್ಗದ್ದೇ, ಆದರೆ ಅದು ಎಲ್ಲೆಂದರಲ್ಲಿ ಬೆಳೆದಿರುವುದರಿಂದ ಬಹುಪಾಲು ಜಮೀನಿನಲ್ಲಿ ಒತ್ತಾಯವಿಲ್ಲ. ಬೆಟ್ಟದ ಕಣಿವೆ ದಾಟುವ ಹೆದ್ದಾರಿಗಳ ಕೆಲವು ಭಾಗಗಳಲ್ಲಿ ಮಾತ್ರ ಇದೆ. ಆದ್ದರಿಂದ ನನ್ನ ಸುಲಭಸೂತ್ರವಿಷ್ಟು: ಕಳೆಯ ಹೆಸರಿನ ಪಕ್ಕದಲ್ಲಿ ಊರಿನ ಹೆಸರನ್ನೂ ಬರೆಯದೆ ಉತ್ತರಕ್ಕೆ ಕೈ ಹಾಕಬಾರದು.

ನಿರ್ಮೂಲನ ಮತ್ತು ನಿಯಂತ್ರಣ ಎಂಬ ಪದಗಳನ್ನೂ ಬೆರೆಸಬಾರದು. ನಿಯಂತ್ರಣವೆಂದರೆ ಆ ವರ್ಷ ಗಿಡ ಬೀಜ ಕಟ್ಟದಂತೆ, ಹರಡದಂತೆ ತಡೆಯುವುದು. ಹೂ ಬಿಟ್ಟ ರ‍್ಯಾಗ್‌ವರ್ಟನ್ನು ಕಿತ್ತು ಅಲ್ಲೇ ಎಸೆದರೆ ಅದು ನೆಲದ ಮೇಲೆಯೇ ಬೀಜ ಕಟ್ಟಬಲ್ಲುದು. ಹೂಗೊಂಚಲನ್ನು ಚೀಲಕ್ಕೆ ತುಂಬಿ ಕಟ್ಟಿದಾಗಲೇ ಕೆಲಸ ಮುಗಿಯುತ್ತದೆ. ನೋಟಿಸ್ ಬಂದ ಮೇಲೂ ಮಾಲೀಕ ಸುಮ್ಮನಿದ್ದರೆ ಕೌಂಟಿ ತಾನೇ ಕಳೆ ತೆಗೆಸಿ ಖರ್ಚನ್ನು ಅವನಿಂದ ವಸೂಲು ಮಾಡಬಹುದು.