ಬೂಸ್ಟರ್ ಹಾಕಿದ್ರೂ ನೆಟ್‌ವರ್ಕ್ ಇಲ್ವಾ? ಆಂಟೆನಾ ಎಲ್ಲಿದೆ ನೋಡಿ

"ಸಾರ್, ಮನೇಲಿ ಮೊಬೈಲ್ ಸಿಗ್ನಲ್ ಬೂಸ್ಟರ್ ಹಾಕ್ಸಿದೀನಿ, ಆದ್ರೂ ಮಾತಾಡ್ಬೇಕು ಅಂದ್ರೆ ಬಾಲ್ಕನಿಗೇ ಓಡ್ಬೇಕು" ಅಂತ ಯಾರಾದ್ರೂ ಫೋನ್ ಮಾಡಿದ್ರೆ ನಾನು ಮೊದ್ಲು ಕೇಳೋದು ಎರಡು ಆಂಟೆನಾ ಮಧ್ಯ ಎಷ್ಟು ದೂರ ಇದೆ ಅಂತ. ಎಷ್ಟೋ ಸಲ ಉತ್ತರ ಅಲ್ಲೇ ಸಿಕ್ಕಿಬಿಡುತ್ತೆ.

ಬೂಸ್ಟರ್ ತಾನಾಗಿ ಸಿಗ್ನಲ್ ಹುಟ್ಟಿಸಲ್ಲ. ಹೊರಗಿನ ಆಂಟೆನಾ ಟವರ್‌ನಿಂದ ಏನು ಹಿಡಿಯುತ್ತೋ ಅದನ್ನ ದೊಡ್ಡದು ಮಾಡಿ ಒಳಗಿನ ಆಂಟೆನಾಗೆ ಕೊಡುತ್ತೆ, ಫೋನ್ ಕಳ್ಸಿದ್ದನ್ನ ಅದೇ ದಾರೀಲಿ ವಾಪಸ್ ಟವರ್‌ಗೆ ಮುಟ್ಟಿಸುತ್ತೆ, ಅಷ್ಟೇ. ಟೆರೇಸ್ ಮೇಲೇನೇ ಕಾಲ್ ಕಟ್ ಆಗ್ತಿದ್ರೆ ಇದು ಹಾಕಿ ಏನೂ ಪ್ರಯೋಜನ ಇಲ್ಲ ಅನ್ನೋದು ನನ್ನ ಅನುಭವ, ಯಾಕಂದ್ರೆ ಸಿಗ್ನಲ್ ಜೊತೆ ಗಲಾಟೆನೂ (ಬೇಡದ ರೇಡಿಯೋ ಗದ್ದಲ) ಅಷ್ಟೇ ದೊಡ್ಡದಾಗುತ್ತೆ.

ಅದಕ್ಕೇ ಸ್ಕ್ರೀನ್ ಮೇಲಿನ ಕಡ್ಡಿ ನಂಬ್ಬೇಡಿ, ಒಂದೊಂದು ಫೋನು ಒಂದೊಂದು ಥರ ತೋರಿಸುತ್ತೆ. ಆಂಡ್ರಾಯ್ಡ್ ಆದ್ರೆ ಸೆಟ್ಟಿಂಗ್ಸ್‌ನ ಸಿಮ್ ಸ್ಟೇಟಸ್‌ನಲ್ಲಿ ಸಾಮಾನ್ಯವಾಗಿ ಡಿಬಿಎಂ ನಂಬರ್, ಅಂದ್ರೆ ಸಿಗ್ನಲ್ ಎಷ್ಟು ಗಟ್ಟಿ ಅನ್ನೋ ಅಳತೆ, ಇರುತ್ತೆ. ಮೈನಸ್‌ನಲ್ಲಿರುತ್ತೆ, ಸೊನ್ನೆಗೆ ಹತ್ರ ಬಂದಷ್ಟೂ ಒಳ್ಳೇದು. 4ಜಿ ಲೆಕ್ಕದಲ್ಲಿ ಟೆರೇಸ್‌ನಲ್ಲಿ -85, ಹಾಲ್‌ನಲ್ಲಿ -118 ಬಂದ್ರೆ ಬೂಸ್ಟರ್‌ಗೆ ಹೇಳಿ ಮಾಡಿಸಿದ ಮನೆ. ಎರಡು ನಂಬರ್ ನಡುವಿನ ವ್ಯತ್ಯಾಸನ ಡಿಬಿ ಲೆಕ್ಕದಲ್ಲಿ ಹೇಳ್ತಾರೆ, ಪ್ರತಿ 10 ಡಿಬಿಗೆ ಪವರ್ ಹತ್ತು ಪಟ್ಟು ಬದಲಾಗುತ್ತೆ ಅಂತ ನೆನಪಿದ್ರೆ ಆ 33ರ ವ್ಯತ್ಯಾಸ ಎಷ್ಟು ದೊಡ್ಡದು ಅಂತ ತಿಳಿಯುತ್ತೆ, ಎರಡು ಸಾವಿರ ಪಟ್ಟು! ಕಾಂಕ್ರೀಟ್ ಗೋಡೆ, ಅದಕ್ಕಿಂತ ಹೆಚ್ಚಾಗಿ ಬಿಸಿಲು ತಡೆಯೋಕೆ ಲೋಹದ ಲೇಪನ ಇರೋ ಕಿಟಕಿ ಗಾಜು, ಇವು ನುಂಗಿ ಹಾಕಿರೋದು ಅದು.

ಈಗ ಆಂಟೆನಾ ವಿಷಯಕ್ಕೆ ಬರೋಣ. ಒಬ್ರ ಮನೇಲಿ ನೋಡಿದ್ದು, ಹೊರಗಿನದನ್ನ ಬಾಲ್ಕನಿ ಗ್ರಿಲ್‌ಗೆ ಕಟ್ಟಿದಾರೆ, ಒಳಗಿನದನ್ನ ಅದೇ ಗೋಡೆಯ ಈ ಕಡೆ ಸೋಫಾ ಮೇಲೆ ಮೊಳೆ ಹೊಡೆದು ನೇತಾಕಿದಾರೆ, ಮಧ್ಯ ನಾಲ್ಕು ಅಡಿನೂ ಇಲ್ಲ, ಬಾಕ್ಸ್ ಮೇಲೆ ಕೆಂಪು ಲೈಟ್ ಮಿಣಮಿಣ ಅಂತಿದೆ. ಮೈಕ್ ಸ್ಪೀಕರ್ ಮುಂದೆ ಹಿಡಿದ್ರೆ ಕುಂಯ್ ಅಂತ ಕಿರುಚುತ್ತಲ್ಲ, ಅದೇ ಕಥೆ, ಆದ್ರೆ ಇದು ಕಿವಿಗೆ ಕೇಳಿಸಲ್ಲ. ಒಳಗಿಂದು ಹೊರಗಿನದಕ್ಕೆ ಮತ್ತೆ ನುಗ್ಗಿ ಸುತ್ತು ಹೊಡೆಯೋಕೆ ಶುರುವಾದ್ರೆ ಒಳ್ಳೆ ಬೂಸ್ಟರ್ ತಾನೇ ಗೇನ್ (ಸಿಗ್ನಲ್‌ನ ಎಷ್ಟು ದೊಡ್ಡದು ಮಾಡುತ್ತೆ ಅನ್ನೋ ಅಳತೆ) ಇಳಿಸ್ಕೊಳುತ್ತೆ, ಇಲ್ಲಾಂದ್ರೆ ಆಫ್ ಆಗುತ್ತೆ. ಕಳಪೆ ಮಾಲು ಹಾಗೇ ಕೂಗ್ತಾನೇ ಇರುತ್ತೆ, ಟವರ್‌ನ ಕಿವಿಗೆ ಆ ಗದ್ದಲ ಹೋಗಿ ಅಕ್ಕಪಕ್ಕದವರ ಕಾಲ್‌ಗೂ ಕುತ್ತು. ಎಷ್ಟೋ ದೇಶಗಳಲ್ಲಿ ಅನುಮತಿ ಇಲ್ಲದೆ ಬೂಸ್ಟರ್ ಹಾಕೋದು ತಪ್ಪು ಅಂತ ಇಟ್ಟಿರೋದಕ್ಕೆ ಇದೂ ಒಂದು ಕಾರಣ, ಹಾಗಾಗಿ ಮೊದ್ಲು ನಿಮ್ಮ ಆಪರೇಟರ್‌ನ ಕೇಳಿ.

ಲೆಕ್ಕ ಸಿಂಪಲ್, ಬೂಸ್ಟರ್ ಗೇನ್ 60 ಡಿಬಿ ಆದ್ರೆ ಎರಡು ಆಂಟೆನಾ ನಡುವಿನ ತಡೆ, ಅಂದ್ರೆ ಒಂದರಿಂದ ಇನ್ನೊಂದಕ್ಕೆ ಹೋಗೋಷ್ಟರಲ್ಲಿ ಸಿಗ್ನಲ್ ಎಷ್ಟು ಕುಗ್ಗುತ್ತೋ ಅದು, ಗೇನ್‌ಗಿಂತ ಒಂದು 15 ಡಿಬಿ ಆದ್ರೂ ಜಾಸ್ತಿ ಇರ್ಬೇಕು. ಅವ್ರ ಮನೇಲಿ ಹೊರಗಿನದನ್ನ ಟೆರೇಸ್‌ಗೆ ಏರಿಸಿ ಮುಖ ಟವರ್ ಕಡೆ ತಿರುಗಿಸಿದ್ವಿ, ಬೆನ್ನು ಮನೆ ಕಡೆ, ಮಧ್ಯ ಸ್ಲ್ಯಾಬ್ ಸಿಕ್ತು. ಆದ್ರೆ ಹಳೇ ಸಣ್ಣ ಕೇಬಲ್‌ನೇ ಎಳೀತೀನಿ ಅಂದ್ರು, ನಾನು ಬೇಡ ಅಂದೆ. ಅಂಥ ಕೇಬಲ್‌ನಲ್ಲಿ 900 ಮೆಗಾಹರ್ಟ್ಸ್‌ಗೆ 20 ಮೀಟರ್ ಓಡೋಷ್ಟರಲ್ಲಿ 10 ಡಿಬಿ ಹತ್ರ ಸೋರಿಹೋಗುತ್ತೆ, ಮೇಲೆ ಹಿಡಿದಿದ್ರಲ್ಲಿ ಹತ್ತನೇ ಒಂದು ಭಾಗ ಮಾತ್ರ ಕೆಳಗೆ ಬರುತ್ತೆ. ದಪ್ಪ ಕೇಬಲ್ ಹಾಕಿದ್ಮೇಲೆ ಕೆಂಪು ಲೈಟ್ ಹಸಿರಾಯ್ತು, ಸೋಫಾ ಹತ್ರ -95 ಬಂತು.

ಇನ್ನೊಂದು ಮಾತು, ಮನೇಲಿ ಗಟ್ಟಿ ಬ್ರಾಡ್‌ಬ್ಯಾಂಡ್ ಇದ್ದು ಬರೀ ಕಾಲ್‌ಗೆ ತೊಂದ್ರೆ ಅಂದ್ರೆ ಇದ್ಯಾವುದೂ ಬೇಕಾಗಿಲ್ಲ, ಫೋನಲ್ಲಿ ವೈ-ಫೈ ಕಾಲಿಂಗ್ (ಕಾಲ್ ಟವರ್ ಬದಲು ಮನೆ ವೈ-ಫೈ ಮೂಲಕ ಹೋಗೋದು) ಆನ್ ಮಾಡಿ ನೋಡಿ. ನನ್ನ ಹೊಟ್ಟೆಪಾಡಿಗೆ ಕಲ್ಲು ಹಾಕ್ಕೊಂಡಂಗೆ, ಆದ್ರೂ ನಾನು ಮೊದ್ಲು ಹೇಳೋದು ಅದನ್ನೇ.